ಕುಣಿತದ ದಾಸೋಹ



ನಾವು ಈ ವೇದಿಕೆಗೆ ಬರುವ ಮುನ್ನ ಶ್ರೀಮಠದ ಅಂಗಳದಲ್ಲಿ ಬೀಸು ಕಂಸಾಳೆಯ ಸೇವೆ ನಡೆಯಿತು. ಹನೂರಿನ ಕಡೆಯಿಂದ ಬಂದ ಮೇಳ. ಕೊಳ್ಳೇಗಾಲ, ಯಳಂದೂರುಗಳ ಭಕ್ತರೆಲ್ಲ ಸುತ್ತ ನಿಂತು ನೋಡಿದಿರಿ. ಆ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿಯಿದ್ದಳು. ಆಕೆಯನ್ನು ತೋರಿಸಿ ಹಿರಿಯರೊಬ್ಬರು, "ಬುದ್ಧೀ, ಹೆಣ್ಣುಮಗಳ ಕೈಗೆ ಕಂಸಾಳೆ ಕೊಡುವುದು ಸರಿಯೆ?" ಎಂದು ನಮ್ಮನ್ನು ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ದಾಸೋಹದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದವರು ನಾವು. ಈ ಪ್ರಶ್ನೆಯಿಂದಲೇ ಆರಂಭಿಸೋಣ.

ದಾಸೋಹವೆಂದರೆ ಅನ್ನದ ಮಾತು ಮಾತ್ರವೆಂದು ನಾವು ತಿಳಿದಿದ್ದೇವೆ. ತನಗೆ ದೊರೆತ ರುಚಿಯನ್ನು ತಾನೊಬ್ಬನೇ ಉಣ್ಣದಿರುವುದು ದಾಸೋಹ. ಆ ರುಚಿ ಅನ್ನದ್ದಾಗಿರಬಹುದು, ಅರಿವಿನದ್ದಾಗಿರಬಹುದು, ಹಾಡು ಕುಣಿತಗಳದ್ದೂ ಆಗಿರಬಹುದು. ಊರಿಗೆಲ್ಲ ಬಡಿಸಿ ಮನೆಯವರನ್ನು ಹಸಿದು ಮಲಗಿಸುವವನನ್ನು ದಾಸೋಹಿ ಎನ್ನಲಾದೀತೆ?

ಶಾಸ್ತ್ರವನ್ನೇ ನೋಡಿ. ಭರತಮುನಿಯು ಬ್ರಹ್ಮನಿಂದ ನಾಟ್ಯವೇದವನ್ನು ಪಡೆದು ಮೊಟ್ಟಮೊದಲು ಕಲಿಸಿದ್ದು ಯಾರಿಗೆ? ತನ್ನ ನೂರು ಮಂದಿ ಮಕ್ಕಳಿಗೆ. ಇದು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಇದೆ. ಅದೇ ಅಧ್ಯಾಯದಲ್ಲಿ ಭರತನು, ಕೈಶಿಕೀ ವೃತ್ತಿಯನ್ನು ಸ್ತ್ರೀಯರಿಲ್ಲದೆ ಕೇವಲ ಪುರುಷರಿಂದ ಪ್ರಯೋಗಿಸಲು ಆಗದೆಂದು ಒಪ್ಪಿಕೊಳ್ಳುತ್ತಾನೆ. ಮುಂದೆ ನಾಲ್ಕನೆಯ ಅಧ್ಯಾಯದಲ್ಲಿ ಪರಮೇಶ್ವರನು ತ್ರಿಪುರದಾಹದ ಪ್ರಯೋಗವನ್ನು ಕಂಡು ಸಂತುಷ್ಟನಾಗಿ, ತನ್ನ ನೃತ್ತವನ್ನು ತಾನೇ ಇಟ್ಟುಕೊಳ್ಳದೆ, ತಂಡುವಿನ ಮೂಲಕ ಭರತನಿಗೆ ಕೊಡಿಸುತ್ತಾನೆ. ನೂರೆಂಟು ಕರಣಗಳು ಬಂದದ್ದು ಹಾಗೆ. ಇನ್ನು ಜಗನ್ಮಾತೆ ಪಾರ್ವತಿ? ನಂದಿಕೇಶ್ವರನ ಅಭಿನಯದರ್ಪಣವು ಹೇಳುವಂತೆ, ಆಕೆ ಲಾಸ್ಯವನ್ನು ಬಾಣಾಸುರನ ಮಗಳಾದ ಉಷೆಗೆ ಕಲಿಸಿದಳು. ಉಷೆಯಿಂದ ಅದು ದ್ವಾರಕೆಯ ಗೋಪಿಯರಿಗೆ, ಅವರಿಂದ ಸೌರಾಷ್ಟ್ರದ ಹೆಂಗಸರಿಗೆ, ಅಲ್ಲಿಂದ ದೇಶದೇಶಗಳ ಸ್ತ್ರೀಯರಿಗೆ ಹರಡಿತು. ಹೆಣ್ಣಿನ ಕೈಯಿಂದ ಹೆಣ್ಣಿನ ಕೈಗೆ ಬಂದ ವಿದ್ಯೆಯಿದು.

ಈ ಗ್ರಂಥಗಳನ್ನು ಓದಿಯೂ ನಾವು ಬಹುಕಾಲ ಕುಣಿತವನ್ನು ದೂರವೇ ಇಟ್ಟಿದ್ದೆವು. ಪಾಠಶಾಲೆಯಲ್ಲಿ ವಟುವಾಗಿದ್ದಾಗ ಬೆಳಗಿನ ಜಾವ ಎದ್ದು ಮಾಹೇಶ್ವರ ಸೂತ್ರಗಳನ್ನು ಹೇಳಬೇಕಾಗಿತ್ತು. ಶಿವನು ನೃತ್ತದ ಕೊನೆಯಲ್ಲಿ ಹದಿನಾಲ್ಕು ಬಾರಿ ಡಮರುಗ ನುಡಿಸಿದನು, ಆ ನಾದದಿಂದಲೇ ಈ ಹದಿನಾಲ್ಕು ಸೂತ್ರಗಳು ಹುಟ್ಟಿದವು ಎಂದು ನಮಗೆ ಹೇಳಿಕೊಟ್ಟಿದ್ದರು. ಒಂದು ಶಿವರಾತ್ರಿಯ ಹಿಂದುಮುಂದಿನ ದಿನ, ಬೆಟ್ಟಕ್ಕೆ ಹೊರಟಿದ್ದ ಪರಿಷೆಯವರು ಬೀದಿಯಲ್ಲಿ ಕಂಸಾಳೆ ಬೀಸುತ್ತ ಹೋಗುತ್ತಿದ್ದರು. ನಾವು ಪುಸ್ತಕ ಮುಚ್ಚಿಟ್ಟು ಜಗುಲಿಗೆ ಓಡಿದೆವು. ಆ ದಿನ ನಮಗೆ ಮಧ್ಯಾಹ್ನದ ಪ್ರಸಾದವಿರಲಿಲ್ಲ. ವ್ಯಾಕರಣ ಓದುವವನಿಗೆ ಕುಣಿತವೇಕೆ ಎಂದರು. ಕುಣಿತದಿಂದ ಹುಟ್ಟಿದ ವ್ಯಾಕರಣವನ್ನು ಓದುತ್ತ ಕುಣಿತವನ್ನು ನೋಡಬಾರದೆ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ಇದ್ದಿದ್ದರೆ ರಾತ್ರಿಯ ಪ್ರಸಾದವೂ ಹೋಗುತ್ತಿತ್ತೆನ್ನಿ.

ಈಗ ಆ ಹುಡುಗಿಯ ಮಾತಿಗೆ ಬರುತ್ತೇವೆ. ಆಕೆಯ ತಂದೆ ಮಾದಪ್ಪನ ದೇವರಗುಡ್ಡ. ಗುರುವಿನಿಂದ ದೀಕ್ಷೆ ಪಡೆದವರು. ನಾಲ್ಕು ವರ್ಷಗಳ ಹಿಂದೆ ಅವರು ಹೆಂಡತಿ, ಮಗ, ಮಗಳೊಡನೆ ಶ್ರೀಮಠಕ್ಕೆ ಬಂದರು. "ಬುದ್ಧೀ, ನಮ್ಮಪ್ಪನಿಂದ ನನಗೆ ಬಂದದ್ದು ನನ್ನ ತಲೆಗೇ ನಿಂತು ಹೋಗ್ತದೆ. ಮಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರವನೆ, ಕಂಸಾಳೆ ಅಂದರೆ ನಾಚಿಕೊತಾನೆ. ತಾವು ಒಂದು ಮಾತು ಹೇಳಬೇಕು" ಎಂದು ಕಣ್ಣೀರು ತಂದುಕೊಂಡರು. ನಾವು ಆ ತರುಣನಿಗೆ ಕಾಲು ಗಂಟೆಯಷ್ಟು ಉಪದೇಶ ಮಾಡಿದೆವು. ಪರಂಪರೆ ಎಂದೆವು, ಪಿತೃಋಣ ಎಂದೆವು. ಅವನು ನೆಲ ನೋಡುತ್ತ ಕುಳಿತಿದ್ದ.

ಆಗ ಆ ತಾಯಿ ಸೆರಗು ಸರಿಮಾಡಿಕೊಂಡು ಹೇಳಿದರು: "ತಪ್ಪು ತಿಳಿಯಬೇಡಿ ಬುದ್ಧೀ. ಅವನನ್ನ ಕೇಳೋಕೆ ಮೊದಲು ಇವರನ್ನ ಕೇಳಿ. ನಾನು ಮದುವೆಯಾಗಿ ಬಂದಾಗಿಂದ ಆ ಕಂಸಾಳೆ ಗೋಡೆ ಮೇಲದೆ. ನಾನು ಮುಟ್ಟಂಗಿಲ್ಲ, ಮಕ್ಕಳು ಮುಟ್ಟಂಗಿಲ್ಲ. ಚಿಕ್ಕವನಾಗಿದ್ದಾಗ ಒಂದ್ಸಾರಿ ಎತ್ಕೊಂಡು ಬಡಿದ ಅಂತ ಇವನಿಗೆ ಏಟು ಬಿದ್ದಿತ್ತು. ಈಗ ಎತ್ಕೊ ಅಂದರೆ ಹೆಂಗೆ ಎತ್ಕೊಂಡಾನು? ಆಟ ಬೇಕು ಅನ್ನೋಳು ಇವಳು. ಕೊಟ್ಟಿಗೇಲಿ ಎರಡು ಮುಚ್ಚಳ ಇಟ್ಕೊಂಡು ಅವರಪ್ಪನ ಹೆಜ್ಜೆಯೆಲ್ಲ ಹಾಕ್ತಾಳೆ."

ನಮಗೆ ನಾಚಿಕೆಯಾಯಿತು. ಕಾಲು ಗಂಟೆ ಮಾತನಾಡಿದ ನಾವು ಆ ಮನೆಯ ಸಂಗತಿ ಒಂದನ್ನೂ ಕೇಳಿರಲಿಲ್ಲ.

ತಂದೆಯ ಸಂಕಟವೂ ಸುಳ್ಳಲ್ಲ. ದೀಕ್ಷೆಯಿಂದ ಬಂದ ವಸ್ತುವಿಗೆ ಮಡಿಯಿದೆ, ವ್ರತವಿದೆ. ದೀಕ್ಷೆಯಿಲ್ಲದವರ ಕೈಗೆ ಅದನ್ನು ಹೇಗೆ ಕೊಡಲೆಂದು ಅವರು ಕೇಳಿದರು. ನಾವು ಕೂಡಲೇ ಉತ್ತರ ಹೇಳಲಿಲ್ಲ, ಮುಂದಿನ ಅಮಾವಾಸ್ಯೆಗೆ ಬನ್ನಿರೆಂದು ಕಳಿಸಿದೆವು. ಈ ನಡುವೆ ನಮಗೆ ಹೊಳೆದದ್ದು ಇಷ್ಟು. ದೀಕ್ಷೆ ಗುರುವಿನದು, ಅದನ್ನು ಕೊಡುವವರು ಗುರುಗಳೇ. ಹೆಜ್ಜೆ, ತಾಳ, ಬೀಸುವ ವರಸೆ ಇವು ವಿದ್ಯೆ. ವಿದ್ಯೆಯನ್ನು ತಂದೆ ಮಕ್ಕಳಿಗೆ ಕೊಟ್ಟರೆ ವ್ರತ ಕೆಡುವುದಿಲ್ಲ. ದೀಕ್ಷೆಯ ಕಂಸಾಳೆ ಪೂಜೆಯ ಸ್ಥಳದಲ್ಲಿರಲಿ, ಕಲಿಯುವವರಿಗೆ ಬೇರೆ ಜೋಡಿ ತನ್ನಿ ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆಗಲಿ ಬುದ್ಧೀ" ಎಂದರು. ಪೂರ್ತಿ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ನಮಗೂ ಗೊತ್ತಿತ್ತು.

ಇದನ್ನು ಒಪ್ಪದವರು ಇಲ್ಲಿಯೂ ಇದ್ದೀರಿ. ಒಂದು ಮಾತು ಕೇಳುತ್ತೇವೆ. ಮಾದಪ್ಪನ ಕಾವ್ಯದಲ್ಲಿ ರಾತ್ರಿಯೆಲ್ಲ ಕುಳಿತು ನೀವು ಕೇಳುವ ಸಾಲು ಯಾವುದು? ಸಂಕಮ್ಮನ ಸಾಲು. ಜೇನಿಗೆ ಹೊರಟ ಗಂಡ ಹೆಂಡತಿಯ ಮೇಲೆ ಅನುಮಾನಪಟ್ಟು ಹಿಂಸಿಸಿದಾಗ, ಮಾದಪ್ಪ ಆಕೆಯ ಪಕ್ಷದಲ್ಲಿ ನಿಂತ. ಸಂಕಮ್ಮನ ಕಷ್ಟಕ್ಕೆ ಕಣ್ಣೀರು ಹಾಕುವವರು ಮನೆಯ ಸಂಕಮ್ಮನಿಗೆ ತಾಳವನ್ನು ಮುಟ್ಟಗೊಡುವುದಿಲ್ಲ. ಆ ಸಂಕಮ್ಮ ಸೋಲಿಗರ ಹೆಣ್ಣುಮಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಗಂಡಸರೂ ಹೆಂಗಸರೂ ಕೂಡಿ ಹಾಡಿ ಕುಣಿಯುತ್ತಾರೆ. ಮಕ್ಕಳು ದೊಡ್ಡವರ ಕಾಲು ನೋಡಿ ಕಲಿಯುತ್ತಾರೆ. 1996ರ 'ಜನುಮದ ಜೋಡಿ' ಚಲನಚಿತ್ರದಲ್ಲಿ ಕಂಸಾಳೆ ಕಂಡಾಗ ನಮ್ಮೂರಿನದೆಂದು ಎಲ್ಲರೂ ಎದೆಯುಬ್ಬಿಸಿದರು. ಪರದೆಯ ಮೇಲೆ ಇದ್ದರೆ ಹೆಮ್ಮೆ, ಮಗಳ ಕೈಯಲ್ಲಿದ್ದರೆ ಸಂಕೋಚ!

ಯಳಂದೂರಿನವರಿಗಂತೂ ನಾವು ಹೆಚ್ಚು ಹೇಳಬೇಕಾಗಿಲ್ಲ. 'ರಾಜಶೇಖರ ವಿಳಾಸ'ವನ್ನು ಬರೆದ ಷಡಕ್ಷರದೇವರು ಮಠಾಧಿಪತಿಗಳಾಗಿದ್ದ ಊರು ನಿಮ್ಮದು. ಸಂಚಿ ಹೊನ್ನಮ್ಮನ ಊರೂ ಹೌದು. ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಕೈಗೆ ಲೇಖನಿ ಸಿಕ್ಕಿದ್ದರಿಂದಲ್ಲವೆ 'ಹದಿಬದೆಯ ಧರ್ಮ' ಕನ್ನಡಕ್ಕೆ ಬಂದದ್ದು? ಹನ್ನೆರಡನೆಯ ಶತಮಾನದ ಶರಣರಲ್ಲಿ ವೇಷ ಕಟ್ಟುವ ಬಹುರೂಪಿ ಚೌಡಯ್ಯನಿದ್ದ, ಡಕ್ಕೆ ಬಾರಿಸುವ ಬೊಮ್ಮಣ್ಣನಿದ್ದ. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುಗಳೇ ಮೊದಲು ಮದ್ದಳೆ ನುಡಿಸುತ್ತಿದ್ದರೆಂದು ಹರಿಹರ ಕವಿ ಹೇಳುತ್ತಾನೆ.

ಬೀಸು ಕಂಸಾಳೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆಯ ತಾಳ. ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ತಂದು ಬಟ್ಟಲಿಗೆ ತಾಗಿಸಬೇಕು. ಪಕ್ಕದವನ ಕೈ ಯಾವಾಗ ಎಲ್ಲಿಗೆ ಬರುತ್ತದೆಂದು ತಿಳಿಯದಿದ್ದರೆ ಕಂಚು ಮುಖಕ್ಕೆ ಬಡಿಯುತ್ತದೆ. ಅಪ್ಪ ಮಗಳಿಗೆ ಕಲಿಸುವಾಗ ಮೊದಲ ತಿಂಗಳು ಇಬ್ಬರಿಗೂ ಪೆಟ್ಟು ಬಿತ್ತಂತೆ. ಆ ತಾಯಿ ಅರಿಸಿನ ಹಚ್ಚುತ್ತ ನಕ್ಕರಂತೆ. ಇಷ್ಟು ವರ್ಷ ರಾತ್ರಿಯ ಕುಣಿತ ಮುಗಿಸಿ ಬಂದು ಮಾತಿಲ್ಲದೆ ಮಲಗುತ್ತಿದ್ದ ಯಜಮಾನರು ಈಗ ಸಂಜೆ ಅಂಗಳದಲ್ಲಿ ಮಗಳ ಹೆಜ್ಜೆ ತಿದ್ದುತ್ತಾರೆ, ತಾಳ ತಪ್ಪಿದರೆ ಹೆಂಡತಿಯೇ ಒಳಗಿನಿಂದ ಕೂಗಿ ಹೇಳುತ್ತಾರೆ. ಇಪ್ಪತ್ತು ವರ್ಷ ಕೇಳಿ ಕೇಳಿ ಆಕೆಗೆ ಎಲ್ಲ ಬಾಯಿಪಾಠ!

ಮಗ ಇಂದಿಗೂ ಕುಣಿಯುವುದಿಲ್ಲ. ಅವನಿಗೆ ಒತ್ತಾಯ ಮಾಡಬೇಡಿರೆಂದು ನಾವೇ ಹೇಳಿದ್ದೇವೆ. ಆದರೆ ಇಂದು ಆ ಹುಡುಗಿ ಹಿಡಿದಿದ್ದ ಕಂಚಿನ ಜೋಡಿ ಅವನು ತನ್ನ ಸಂಬಳದಲ್ಲಿ ತಂದುಕೊಟ್ಟದ್ದು. ಅವನೂ ಬಂದಿದ್ದಾನೆ. ದಾಸೋಹದ ಪಂಕ್ತಿಯಲ್ಲಿ ನಿಮಗೆ ಮಜ್ಜಿಗೆ ಬಡಿಸುವವನು ಅವನೇ. ಪ್ರಸಾದ ಸಿದ್ಧವಾಗಿದೆ, ಎಲ್ಲರೂ ಮನೆಮಂದಿಯೊಡನೆ ಕುಳಿತು ಸ್ವೀಕರಿಸಿರಿ.