ಹಣ್ಣಿನ ನೊಣದ ತಾಯ್ತನ



ಕಳಿತ ಬಾಳೆಯ ಹಣ್ಣಿಗೆ ಮುತ್ತುವ, ಎಳ್ಳುಕಾಳಿನಷ್ಟು ಚಿಕ್ಕದಾದ ನೊಣವನ್ನು ನಾವೆಲ್ಲರೂ ಕಂಡಿದ್ದೇವೆ. ವಿಜ್ಞಾನಿಗಳು ಇದನ್ನು ಡ್ರೊಸೊಫಿಲ ಎನ್ನುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಇದರ ತಳಿಗಳನ್ನು ಸಾಕಿ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಒಂದೇ ಒಂದು ಸಂಯೋಗದಿಂದ ಇದರ ಹೆಣ್ಣಿನಲ್ಲಿ ಉಂಟಾಗುವ ಮಾರ್ಪಾಡನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಕನ್ಯೆಯಾದ ಹೆಣ್ಣುನೊಣವು ಗಂಡಿನ ರೆಕ್ಕೆಯ ನಾದಕ್ಕೆ ಒಲಿಯುತ್ತದೆ. ಬಲಿತ ಮೊಟ್ಟೆಗಳನ್ನು ಬಹುಮಟ್ಟಿಗೆ ಒಡಲಿನಲ್ಲಿಯೇ ತಡೆದಿಟ್ಟುಕೊಳ್ಳುತ್ತದೆ. ಸುಮಾರು 20 ನಿಮಿಷಗಳ ಸಂಯೋಗವಾದ ಬಳಿಕ ಅದರ ನಡತೆಯೇ ಬೇರೆ. ಹತ್ತಿರ ಬಂದ ಗಂಡುಗಳನ್ನು ಒದ್ದು ದೂರಮಾಡುತ್ತದೆ. ದಿನಕ್ಕೆ ಹತ್ತಾರು ಮೊಟ್ಟೆಗಳನ್ನಿಡುತ್ತದೆ. ಹೆಚ್ಚು ತಿನ್ನುತ್ತದೆ, ಮೊಟ್ಟೆಗೆ ಬೇಕಾದ ಪ್ರೋಟೀನಿಗಾಗಿ ಯೀಸ್ಟನ್ನು ಅರಸುತ್ತದೆ. ಹಗಲಿನ ನಿದ್ರೆಯೂ ಕುಗ್ಗುತ್ತದೆ.

ಇದು ತಾಯ್ತನದ ಸಹಜ ಸ್ವಭಾವವೆಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಸ್ವಿಟ್ಸರ್ಲೆಂಡಿನ ಜೂರಿಕ್ ನಗರದ ವಿಜ್ಞಾನಿಗಳು ಕಾರಣವನ್ನು ಹುಡುಕಿದರು. ಗಂಡಿನ ಶುಕ್ರದ್ರವದಲ್ಲಿರುವ, 36 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡನ್ನು ಬೇರ್ಪಡಿಸಿ, 1988ರಲ್ಲಿ ಪ್ರಕಟಿಸಿದರು. ಗಂಡಿನ ಸಂಗವಿಲ್ಲದೆ, ಆ ದ್ರವ್ಯವನ್ನಷ್ಟೇ ಕನ್ಯೆಯ ಒಡಲಿಗೆ ಚುಚ್ಚಿದಾಗಲೂ ಅದು ಗಂಡನ್ನು ದೂರವಿಟ್ಟು ಮೊಟ್ಟೆಯಿಡತೊಡಗಿತು! ಸಂಯೋಗದಲ್ಲಾದರೋ ಈ ಪೆಪ್ಟೈಡು ಶುಕ್ರಾಣುಗಳ ಬಾಲಕ್ಕೆ ಅಂಟಿಕೊಂಡಿದ್ದು, ಮೆಲ್ಲಮೆಲ್ಲನೆ ಬಿಡುಗಡೆಯಾಗುತ್ತದೆ. ಆದುದರಿಂದ ಪರಿಣಾಮವು ಸುಮಾರು ಒಂದು ವಾರ ನಿಲ್ಲುತ್ತದೆ. ಹೆಣ್ಣಿನಲ್ಲಿ ಇದನ್ನು ಗುರುತಿಸುವ ಗ್ರಾಹಕವು 2008ರಲ್ಲಿ ಪತ್ತೆಯಾಯಿತು. ಅದನ್ನು ಹೊತ್ತ, ಪ್ರಜನನಾಂಗದ ಕೆಲವೇ ನರಕೋಶಗಳು ಮಾರ್ಪಾಡಿಗೆ ಮೊದಲಿಡುತ್ತವೆ.

ಈ ಸಂತಾನಸಮೃದ್ಧಿಗೆ ಬೆಲೆಯೂ ಉಂಟು. ಶುಕ್ರದ್ರವದ ಇಂಥ ದ್ರವ್ಯಗಳಿಂದ ಹೆಣ್ಣಿನ ಆಯುಷ್ಯ ಕುಗ್ಗುವುದೆಂದು 1995ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿಕೊಟ್ಟಿತು. ಬೇಗನೆ ಹೆಚ್ಚು ಮೊಟ್ಟೆಗಳನ್ನು ಪಡೆಯುವುದು ಗಂಡಿಗೆ ಲಾಭ. ಪದೇ ಪದೇ ಸಂಯೋಗವಾದರೆ ಆಯುಷ್ಯವನ್ನು ತೆರುವವಳು ಹೆಣ್ಣು. ಒಂದೇ ಸಂತಾನವನ್ನು ಹುಟ್ಟಿಸುವ ಇಬ್ಬರ ಹಿತವೂ ಒಂದೇ ಆಗಿರಬೇಕಾಗಿಲ್ಲವೆಂಬುದು ಇದರ ತಾತ್ಪರ್ಯ.

ನೊಣದ ಬಾಳನ್ನು ಮನುಷ್ಯರ ಮನೆಗೆ ಅನ್ವಯಿಸುವುದು ಸಲ್ಲದು. ಆದರೂ ‘ಹೆಣ್ಣಿನ ಸ್ವಭಾವವೇ ಹಾಗೆ’ ಎಂದು ಯಾರಾದರೂ ಹೇಳಿದಾಗ, ‘ಏಕೆ ಹಾಗೆ? ಅದಕ್ಕೆ ತೆತ್ತ ಬೆಲೆ ಎಷ್ಟು?’ ಎಂದು ಕೇಳುವ ಅಭ್ಯಾಸವನ್ನು ಈ ಕಿರುಜೀವಿಯಿಂದ ಕಲಿಯಬಹುದು. ಆ ಪ್ರಶ್ನೆಯನ್ನು ನಮ್ಮ ಶಾಲೆಗಳ ಹುಡುಗರೂ ಹುಡುಗಿಯರೂ ಕನ್ನಡದಲ್ಲಿಯೇ ಕೇಳಲಿ, ಕನ್ನಡದಲ್ಲಿಯೇ ಉತ್ತರವನ್ನು ಅರಸಲಿ ಎಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ.