ಹಾಡು ಊರಿನದು, ಕೂಲಿ ಹಾಡಿದವರದು

(ಕಾಫಿ ತೋಟದ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಲೈನ್ ಮನೆಗಳ ದುರಸ್ತಿ, ಇವುಗಳ ಬಗ್ಗೆ ನನಗಿಂತ ಮೊದಲು ಮಾತಾಡಿದವರು ಹೇಳಬೇಕಾದುದನ್ನು ಹೇಳಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ಹಾಡು. ಹೊಟ್ಟೆಪಾಡಿನ ಸಭೆಯಲ್ಲಿ ಹಾಡಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಹಾಡುವುದೂ ದುಡಿಮೆಯೆ. ದುಡಿಮೆ ಇರುವಲ್ಲಿ ಕೂಲಿಯ ಪ್ರಶ್ನೆ ಇದ್ದೇ ಇದೆ. ದುಡಿದದ್ದು ಯಾರ ಪಾಲಾಯಿತು ಎಂಬ ಪ್ರಶ್ನೆಯೂ ಅದರ ಹಿಂದೆಯೇ ಇದೆ.

ಮೈಸೂರಿನಲ್ಲಿ ಬೆಳೆದ ಶ್ರೀ ರಘು ದೀಕ್ಷಿತ್ ಎಂಬ ಹಾಡುಗಾರರ ಹೆಸರನ್ನು ನಿಮ್ಮ ಮಕ್ಕಳು ಬಲ್ಲರು. ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು, ಬೆಲ್ಜಿಯಂ ದೇಶದಲ್ಲಿ ಕೆಲಸ ಮಾಡಿದವರು. ಗಿಟಾರು ಹಿಡಿದು, 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ತಾವೇ ಹಾಡು ಕಟ್ಟಿದರು. ಜೊತೆಗೆ ಶಿಶುನಾಳ ಶರೀಫರ ಪದಗಳನ್ನೂ ಹಾಡಿದರು. ಆ ಹಾಡುಗಳನ್ನು ಧ್ವನಿಮುದ್ರಿಸಿ ಮಾರಲು ಕಂಪನಿಗಳು ವರ್ಷಗಟ್ಟಲೆ ಒಪ್ಪಲಿಲ್ಲ. ತಂಡ ಒಡೆಯಿತು, ಮತ್ತೆ ಕಟ್ಟಿದರು. ಕೊನೆಗೆ 2008ರಲ್ಲಿ, ಮುಂಬಯಿಯ ಚಲನಚಿತ್ರ ಸಂಗೀತಗಾರರಾದ ವಿಶಾಲ್ ಮತ್ತು ಶೇಖರ್ ಎಂಬಿಬ್ಬರು ಆ ಹಾಡುಗಳ ಮೊದಲ ಆಲ್ಬಮ್ ಅನ್ನು ಹೊರತಂದರು. ಅದರಲ್ಲಿ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ಪಕ್ಕದಲ್ಲಿ ಶರೀಫರ ಗುಡುಗುಡಿಯ ಹಾಡೂ ಸೋರುವ ಮಾಳಿಗೆಯ ಹಾಡೂ ಇದ್ದುವು. 2010ರಲ್ಲಿ ಬಿ.ಬಿ.ಸಿ. ದೂರದರ್ಶನ ಅವರನ್ನು ಕರೆಸಿ ಹಾಡಿಸಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಎಂಬ ದೊಡ್ಡ ಸಂಗೀತ ಜಾತ್ರೆಯಲ್ಲಿ ಹಾಡಿದರು. 2013ರಲ್ಲಿ ಎರಡನೆಯ ಆಲ್ಬಮ್ 'ಜಗ್ ಚಂಗಾ' ಬಂತು.

ಇದನ್ನು ಒಬ್ಬರ ಛಲದ ಕಥೆಯೆಂದು ಪತ್ರಿಕೆಗಳು ಬರೆದುವು. ಛಲವೇನೋ ಹೌದು. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಓದು ಇದ್ದು, ಇಂಗ್ಲಿಷ್ ಬಂದು, ಪಟ್ಟಣದ ಪರಿಚಯವಿದ್ದ ಮನುಷ್ಯನೇ ಇಷ್ಟು ವರ್ಷ ಬಾಗಿಲು ಕಾಯಬೇಕಾಯಿತು. ಅಕ್ಷರ ಬಾರದ, ಕಂಪನಿಯ ವಿಳಾಸವೂ ತಿಳಿಯದ ಹಾಡುಗಾರ್ತಿಯ ಗತಿ ಏನು? 2008ಕ್ಕೆ ಮುಂಚೆ ಆ ಹಾಡುಗಳು ಕೆಟ್ಟದಾಗಿದ್ದು, ಆಮೇಲೆ ಒಳ್ಳೆಯವಾದುವೆ? ಹಾಡು ಅದೇ, ಕಂಠ ಅದೇ. ಜನರು ಏನು ಕೇಳಬೇಕೆಂದು ತೀರ್ಮಾನಿಸುವವರು ಕೈಬೆರಳೆಣಿಕೆಯಷ್ಟು ಜನ. ಅವರ ಲೆಕ್ಕದ ಪುಸ್ತಕಕ್ಕೆ ಹೊಂದದ ಹಾಡು ಜನರನ್ನು ಮುಟ್ಟುವುದೇ ಕಷ್ಟ.

ಇನ್ನು ಶರೀಫರ ವಿಚಾರ. ಅವರ ಗುರು ಗೋವಿಂದಭಟ್ಟರು ಕಳಸದವರು ಎಂದರೆ ಇಲ್ಲಿರುವ ಕಳಸದ ಗೆಳೆಯರು ಹಿಗ್ಗಬಹುದು. ಅದು ಭದ್ರೆಯ ದಂಡೆಯ ನಮ್ಮ ಕಳಸವಲ್ಲ, ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕಳಸ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಮುಲ್ಕಿ ಪರೀಕ್ಷೆ ಮಾಡಿ ಕೆಲಕಾಲ ಶಾಲೆಯ ಮಾಸ್ತರರಾಗಿದ್ದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಜಾತಿ ಮತದ ಗೋಡೆಯನ್ನು ಇಬ್ಬರೂ ಲೆಕ್ಕಕ್ಕೆ ಇಡಲಿಲ್ಲ. ಬಡತನದಲ್ಲೇ ಬಾಳು ಕಳೆಯಿತು. ಮನೆಯ ಮಾಳಿಗೆ, ಸೇದುವ ಗುಡುಗುಡಿ, ಆಗ ಹೊಸದಾಗಿ ಬಂದಿದ್ದ ಗಿರಣಿ, ಹೀಗೆ ಕಣ್ಣಿಗೆ ಬಿದ್ದದ್ದೆಲ್ಲ ಅವರ ಪದವಾಯಿತು. ಗಿರಣಿಯನ್ನು ಕಂಡು ಹಾಡು ಕಟ್ಟಿದವರ ಪದಕ್ಕೆ ಗಿಟಾರು ಮೈಲಿಗೆ ಎನ್ನುವ ಮಡಿವಂತರ ಮಾತಿನಲ್ಲಿ ಹುರುಳಿಲ್ಲ.

ಆ ಪದಗಳು ಉಳಿದದ್ದು ಯಾರಿಂದ? ಅವು ಹುಟ್ಟಿದಾಗ ಧ್ವನಿಮುದ್ರಣವೆಂಬುದೇ ನಮ್ಮಲ್ಲಿ ಇರಲಿಲ್ಲ. ಗ್ರಾಮಫೋನ್ ತಟ್ಟೆಗೆ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು 1902ರಲ್ಲಿ, ಶರೀಫರು ತೀರಿಕೊಂಡ ಹದಿಮೂರು ವರ್ಷಗಳ ಮೇಲೆ. ಅಲ್ಲಿಯವರೆಗೂ ಆಮೇಲೂ ಆ ಪದಗಳನ್ನು ಹೊತ್ತು ತಂದವರು ಭಜನೆಯ ಮೇಳದವರು, ಏಕತಾರಿ ಹಿಡಿದು ಊರೂರು ತಿರುಗಿದವರು, ಹೊಲದಲ್ಲಿ ಗುನುಗಿದವರು. ಆಮೇಲೆ ಶ್ರೀ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಅವನ್ನು ಸಂಗ್ರಹಿಸಿದರು, ಶ್ರೀ ಸಿ. ಅಶ್ವತ್ಥ್ ಹಾಡಿದರು, ಕ್ಯಾಸೆಟ್ಟುಗಳು ಬಂದುವು. 1990ರಲ್ಲಿ ಶ್ರೀ ನಾಗಾಭರಣರ ಚಿತ್ರ ಬಂತು. ಇವರೆಲ್ಲರ ಹೆಸರು ನಮಗೆ ಗೊತ್ತು. ನಡುವೆ ನೂರು ವರ್ಷ ಹಾಡಿ ಉಳಿಸಿದವರ ಹೆಸರು ಎಲ್ಲಿಯೂ ಇಲ್ಲ.

ನೀವು ತೋಟದವರು, ಇದು ನಿಮಗೆ ಹೊಸದಲ್ಲ. ಚಳಿಯಲ್ಲಿ ಹಣ್ಣು ಕುಯ್ಯುವವರು ಒಬ್ಬರು, ಕಣದಲ್ಲಿ ಒಣಗಿಸುವವರು ಒಬ್ಬರು, ಕ್ಯೂರಿಂಗ್ ಮಾಡಿಸಿ ಮಾರುವವರು ಇನ್ನೊಬ್ಬರು. ಡಬ್ಬಿಯ ಮೇಲಿನ ಹೆಸರು ಇವರಾರದೂ ಅಲ್ಲ. ಆದರೂ ಕುಯ್ದ ಹಣ್ಣಿಗೆ ಸಂಜೆ ತೂಕವಾದರೂ ಆಗುತ್ತದೆ, ರೈಟರು ಹೆಸರು ಬರೆದುಕೊಳ್ಳುತ್ತಾನೆ. ತೂಕ ಸರಿಯಿಲ್ಲದಿದ್ದರೆ ಜಗಳವಾಡಬಹುದು. ಹಾಡಿಗೆ ತಕ್ಕಡಿಯೂ ಇಲ್ಲ, ಹೆಸರು ಬರೆಯುವ ಪುಸ್ತಕವೂ ಇಲ್ಲ. ನಾನು ಶಾಲೆಯಲ್ಲಿದ್ದಾಗ ಜನಪದ ಗೀತೆಯ ಪಾಠ ಬಂದರೆ ಕವಿಯ ಹೆಸರಿನ ಜಾಗದಲ್ಲಿ 'ಜನಪದ' ಎಂದು ಇರುತ್ತಿತ್ತು. ಜನಪದ ಎಂಬ ಕವಿ ಯಾವ ಊರಿನವರು ಸಾರ್, ಎಂದು ಮಕ್ಕಳು ಕೇಳುತ್ತಿದ್ದರು. ಮಕ್ಕಳ ಪ್ರಶ್ನೆ ಸರಿಯಾಗಿಯೇ ಇತ್ತು.

ಕಾನೂನು ಏನು ಹೇಳುತ್ತದೆ? ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಮೊದಲಿಗೆ ಅದರಲ್ಲಿ ಹಾಡುವವರಿಗೆ ಯಾವ ಹಕ್ಕೂ ಇರಲಿಲ್ಲ. 1977ರಲ್ಲಿ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಚಿತ್ರಕ್ಕಾಗಿ ಹಣ ಕೊಟ್ಟು ಬರೆಸಿದ ಹಾಡಿನ ಮೊದಲ ಒಡೆಯ ನಿರ್ಮಾಪಕನೇ ಎಂದು ತೀರ್ಪಿತ್ತಿತು. ಆ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತಮ್ಮದೊಂದು ಮಾತನ್ನು ಸೇರಿಸಿದರು: ನಮ್ಮ ಸಂಗೀತ ಹಾಡುವವರ ಕಂಠದಲ್ಲಿರುವಂಥದು, ಆದರೆ ಕಾಯಿದೆ ಅವರನ್ನೇ ಕೈಬಿಟ್ಟಿದೆ, ಶಾಸನ ಮಾಡುವವರು ಇದನ್ನು ಗಮನಿಸಬೇಕು ಎಂಬುದು ಅದರ ಸಾರ. ಗಮನಿಸಲು ಹದಿನೇಳು ವರ್ಷ ಹಿಡಿಯಿತು. 1994ರ ತಿದ್ದುಪಡಿಯಲ್ಲಿ ಹಾಡುವವರಿಗೆ, ನುಡಿಸುವವರಿಗೆ ತಮ್ಮದೇ ಹಕ್ಕು ದೊರೆಯಿತು. ಈಗ ಅದರ ಅವಧಿ 50 ವರ್ಷ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಾಡು ಬರೆದವರು ಮತ್ತು ರಾಗ ಹಾಕಿದವರು ಕೃತಿಸ್ವಾಮ್ಯವನ್ನು ಕಂಪನಿಗೆ ಬರೆದುಕೊಟ್ಟರೂ, ಹಾಡಿನಿಂದ ಬರುವ ಗೌರವಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆನೆಂದು ಹೆಬ್ಬೆಟ್ಟು ಒತ್ತಿಸಿಕೊಂಡರೂ ಅದು ನಡೆಯುವುದಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿದ್ದಾಳೆ ಎಂಬ ಕಾಗದ ಹೇಗೆ ನಡೆಯುವುದಿಲ್ಲವೋ ಹಾಗೆ.

ಆದರೆ ಕಾಯಿದೆ ಕಾಗದದ ಮೇಲಿದೆ, ಹಾಡುಗಾರ್ತಿ ಲೈನ್ ಮನೆಯಲ್ಲಿದ್ದಾಳೆ. ಪಟ್ಟಣದಿಂದ ಯಾರೋ ಬಂದು ಮೊಬೈಲು ಮುಂದೆ ಹಿಡಿದು, ಅಜ್ಜಿ, ಒಂದು ಸೋಬಾನೆ ಹೇಳಿ ಎನ್ನುತ್ತಾರೆ. ಅಜ್ಜಿ ಹೇಳುತ್ತಾಳೆ. ಅವಳ ಕೈಗೆ ಎಲೆ ಅಡಿಕೆ ಇಟ್ಟು ಹೋಗುತ್ತಾರೆ. ಆಮೇಲೆ ಆ ಧ್ವನಿ ಎಲ್ಲೆಲ್ಲಿ ಮಾರಾಟವಾಯಿತೊ, ಯಾರ ಹೆಸರಿನಲ್ಲಿ ಹೋಯಿತೊ, ಅವಳಿಗೆ ತಿಳಿಯುವುದಿಲ್ಲ. ಪದ ಹಳೆಯದಿರಬಹುದು, ಅವಳ ಅಜ್ಜಿ ಕಲಿಸಿದ್ದಿರಬಹುದು. ಹಾಡಿದ್ದು ಅವಳು. ಆ ಹಾಡಿಕೆಯ ಮೇಲೆ ಅವಳಿಗೆ ಕಾಯಿದೆ ಪ್ರಕಾರ ಹಕ್ಕಿದೆ. ಇದನ್ನು ಅವಳಿಗೆ ಹೇಳುವವರಿಲ್ಲ.

ಒಂದು ಆಕ್ಷೇಪಣೆ ಬರುತ್ತದೆ. ಹಾಡು ಎಲ್ಲರ ಸೊತ್ತು ಎನ್ನುವ ನೀವೇ ಅದಕ್ಕೆ ಒಡೆತನ ಕಟ್ಟುತ್ತೀರಲ್ಲ ಎಂದು. ನ್ಯಾಯವಾದ ಪ್ರಶ್ನೆ. ಶರೀಫರ ಪದ ಈಗ ಎಲ್ಲರದು, ಯಾರು ಬೇಕಾದರೂ ಹಾಡಲಿ, ಯಾವ ವಾದ್ಯ ಬೇಕಾದರೂ ನುಡಿಸಲಿ. ಅದಕ್ಕೆ ಬೇಲಿ ಹಾಕಬಾರದು. ಆದರೆ ಹೊಳೆಯ ನೀರು ಎಲ್ಲರದಾದರೂ ಹೊತ್ತು ತಂದವಳ ಕೂಲಿ ಅವಳದೇ. ಉಳುವವನೇ ಹೊಲದೊಡೆಯ ಎಂದು ಈ ಮಲೆನಾಡಿನಲ್ಲಿ ಕೂಗಿದಾಗ ಭೂಮಿಯನ್ನು ಸೃಷ್ಟಿಸಿದವನು ರೈತ ಎಂದು ಯಾರೂ ಹೇಳಲಿಲ್ಲ. ಬೆವರು ಸುರಿಸಿದವನ ಪಾಲು ಅವನಿಗೆ ಸಿಗಲಿ ಎಂದರು. ಹಾಡಿಗೂ ಅದೇ ಮಾತು.

ಆದ್ದರಿಂದ ನನ್ನ ಸೂಚನೆಗಳು ಮೂರು. ಮೊದಲನೆಯದು, ನಮ್ಮ ಸಭೆಗಳಲ್ಲಿ ಯಾರೇ ಹಾಡಿದರೂ ಅವರ ಹೆಸರು, ಊರು, ಪದ ಕಲಿತದ್ದು ಯಾರಿಂದ ಎಂಬುದನ್ನು ಮೊದಲು ಹೇಳಬೇಕು, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಕ್ಷರ ಬಲ್ಲ ಹುಡುಗ ಹುಡುಗಿಯರು ಆ ಕೆಲಸ ವಹಿಸಿಕೊಳ್ಳಲಿ. ಕನ್ನಡವಿರಲಿ, ತುಳುವಿರಲಿ, ತಮಿಳಿರಲಿ, ಯಾವ ಭಾಷೆಯ ಪದವನ್ನೂ ಬಿಡಬಾರದು. ಎರಡನೆಯದು, ಧ್ವನಿಮುದ್ರಿಸಲು ಬಂದವರು ಯಾರೇ ಆಗಲಿ, ಎಲ್ಲಿ ಬಳಸುತ್ತೀರಿ, ಹಣ ಬಂದರೆ ಪಾಲೆಷ್ಟು ಎಂದು ಕೇಳಿ ಬರೆಸಿಕೊಳ್ಳಬೇಕು. ಸಂಘದವರೊಬ್ಬರು ಜೊತೆಗೆ ಕೂತಿರಬೇಕು. ಮೂರನೆಯದು, ಕರೆಸಿ ಹಾಡಿಸಿದವರಿಗೆ ನಾವೂ ಹಣ ಕೊಡಬೇಕು. ಒಂದು ದಿನ ಹಾಡಲು ಬಂದವಳಿಗೆ ಆ ದಿನದ ಕೂಲಿ ತಪ್ಪಿರುತ್ತದೆ. ಹಾರ ಹಾಕಿ ಕಳಿಸಿದರೆ ಆ ಕೂಲಿ ತುಂಬುವುದಿಲ್ಲ.

ಈ ಮೂರನ್ನೂ ಠರಾವಿನ ರೂಪದಲ್ಲಿ ಬರೆದು ತಂದಿದ್ದೇನೆ. ಚರ್ಚೆ ಮಾಡಿ, ತಿದ್ದುವುದಿದ್ದರೆ ತಿದ್ದಿ, ಇಂದೇ ತೀರ್ಮಾನಿಸಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.