ಆಟವೋ, ಕೂಲಿಯೋ?



ಬ್ಲಾಕ್‌ಚೈನ್ ಎಂಬುದು ಮೂಲತಃ ಒಂದು ಲೆಕ್ಕದ ಪುಸ್ತಕ. ಅದರ ಪ್ರತಿಗಳು ಅನೇಕ ಗಣಕಯಂತ್ರಗಳಲ್ಲಿರುವುದರಿಂದ ಯಾರೊಬ್ಬರೂ ಅದನ್ನು ತಿದ್ದಲಾರರು ಎಂಬುದೇ ಅದರ ಹೆಗ್ಗಳಿಕೆ. ಸರ್ಕಾರಿ ಸೇವೆಯಲ್ಲಿ ಲೆಕ್ಕಪತ್ರಗಳ ನಡುವೆಯೇ ಬಾಳಿದ ನನಗೆ, ಈ ಪುಸ್ತಕ ಆಟದಂಗಳಕ್ಕೆ ಬಂದಾಗ ಏನಾಯಿತೆಂಬುದು ವಿಚಾರಾರ್ಹವಾಗಿ ತೋರಿದೆ.

ವಿಯೆಟ್ನಾಮಿನ ಸ್ಕೈ ಮಾವಿಸ್ ಸಂಸ್ಥೆ 2018ರಲ್ಲಿ ಆರಂಭಿಸಿದ ‘ಆಕ್ಸಿ ಇನ್ಫಿನಿಟಿ’ಯನ್ನೇ ನೋಡೋಣ. ಆಗ ಆಟಕ್ಕಿಳಿಯಲು ಆಕ್ಸಿಗಳೆಂಬ ಮೂರು ಕಾಲ್ಪನಿಕ ಪ್ರಾಣಿಗಳನ್ನು ಕೊಳ್ಳಬೇಕಿತ್ತು. ಗೆದ್ದವರಿಗೆ ಎಸ್‌ಎಲ್‌ಪಿ ಎಂಬ ನಾಣ್ಯ ದೊರೆಯುತ್ತಿತ್ತು. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡ ಫಿಲಿಪೈನ್ಸಿನ ಅನೇಕರಿಗೆ ಇದೇ ಜೀವನೋಪಾಯವಾಯಿತು. ಕೊಳ್ಳಲಾರದವರಿಗೆ ಉಳ್ಳವರು ಪ್ರಾಣಿಗಳನ್ನು ಎರವಲು ಕೊಟ್ಟು ಗಳಿಕೆಯಲ್ಲಿ ಪಾಲು ಪಡೆದರು. ಅದಕ್ಕಿಟ್ಟ ಹೆಸರು ‘ವಿದ್ಯಾರ್ಥಿವೇತನ’! ನಮ್ಮ ಹಳ್ಳಿಗಳಲ್ಲಿ ಇದನ್ನು ಗೇಣಿ ಎನ್ನುತ್ತಿದ್ದರು.

ಆಟದ ರಚನೆಯಲ್ಲೇ ದೋಷವಿತ್ತು. ನಾಣ್ಯದ ಮುಖ್ಯ ಉಪಯೋಗ ಹೊಸ ಪ್ರಾಣಿಗಳನ್ನು ಹುಟ್ಟಿಸುವುದು. ಆ ಪ್ರಾಣಿಗಳನ್ನು ಕೊಳ್ಳಬೇಕಾದವರು ಹೊಸ ಆಟಗಾರರು. ಹೊಸಬರ ಬರವು ಕುಗ್ಗಿದೊಡನೆ ನಾಣ್ಯ ಮಿತಿಮೀರಿ ಬೆಳೆಯಿತು. 2021ರ ಮಧ್ಯದಲ್ಲಿ 30 ಸೆಂಟ್ ದಾಟಿದ್ದ ಅದರ ಬೆಲೆ ಒಂದೇ ವರ್ಷದಲ್ಲಿ 1 ಸೆಂಟಿಗಿಂತ ಕೆಳಗಿಳಿಯಿತು. ಕೂಲಿಗಾಗಿ ಬಂದವರು ಕೂಲಿ ಕರಗಿದಾಗ ಚದುರಿದರು.

ಎರಡನೆಯ ಸವಾಲು ನಂಬಿಕೆಯದು. ಇಥೀರಿಯಂ ಜಾಲದ ವಿಳಂಬ ಮತ್ತು ದುಬಾರಿ ಶುಲ್ಕಗಳಿಂದ ಪಾರಾಗಲು ಸಂಸ್ಥೆ ‘ರೋನಿನ್’ ಎಂಬ ಉಪಜಾಲವನ್ನು ಕಟ್ಟಿತು. ಆಗ ಅಲ್ಲಿ ಒಪ್ಪಿಗೆಯ ಕೀಲಿಗಳಿದ್ದದ್ದು ಒಂಬತ್ತೇ. ಹಣ ಹೊರಡಲು ಐದು ಸಾಕಾಗಿತ್ತು. 2022ರ ಮಾರ್ಚ್ 23ರಂದು ಕಳ್ಳರು ಆ ಐದನ್ನೂ ವಶಪಡಿಸಿಕೊಂಡು 50 ಕೋಟಿ ಡಾಲರಿಗೂ ಮಿಕ್ಕ ಸ್ವತ್ತನ್ನು ಸಾಗಿಸಿದರು. ಆರು ದಿನಗಳ ತರುವಾಯ ಬಳಕೆದಾರರೊಬ್ಬರು ತಮ್ಮ ಹಣ ತೆಗೆಯಲಾಗದಾದಾಗಲೇ ವಿಷಯ ಬಯಲಾಯಿತು. ಹಂಚಿಕೆಯಾದ ಅಧಿಕಾರವೆಂದು ಸಾರಿದ್ದು ವಾಸ್ತವದಲ್ಲಿ ಕೆಲವರ ಕೈಯಲ್ಲಿತ್ತು.

ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಇಂಥ ಸ್ವತ್ತಿನ ಲಾಭಕ್ಕೆ ಶೇಕಡ 30ರ ತೆರಿಗೆ ಜಾರಿಗೆ ಬಂದಿತು. ನಷ್ಟವನ್ನು ಬೇರೆ ಆದಾಯದಲ್ಲಿ ವಜಾ ಮಾಡಲು ಅವಕಾಶವಿರಲಿಲ್ಲ. ಹೊಸ ಆಟಗಳ ಪ್ರಸಾರಕ್ಕೆ ಇದೂ ಒಂದು ತೊಡಕು. ಆದರೆ ತೆರಿಗೆ ತೆಗೆದರೂ ಮೂಲ ಪ್ರಶ್ನೆ ಉಳಿಯುತ್ತದೆ.

ಚೌಕಾಬಾರದಲ್ಲಿ ಸೋತವರೂ ಮರಳಿ ಕವಡೆ ಹಿಡಿಯುತ್ತಾರೆ. ಏಕೆಂದರೆ ಆಟವೇ ಅಲ್ಲಿ ಪ್ರತಿಫಲ. ನಾಣ್ಯದ ಬೆಲೆ ಸೊನ್ನೆಯಾದರೂ ಜನ ಆಡುವರೇ? ಆಟ ರಚಿಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಗಳಿಕೆಯ ಆಸೆಯಿಂದ ಸೇರಹೊರಟಿರುವ ನಮ್ಮ ತರುಣರು ಕೇಳಬೇಕಾದದ್ದು ಇನ್ನೊಂದು: ನನಗೆ ಬರುವ ಹಣ ಯಾರ ಜೇಬಿನಿಂದ ಬರುತ್ತಿದೆ?